ಮೆನುವಿನಲ್ಲಿ ಮಸುಕಾಗಿ ನಿಂತದ್ದಕ್ಕೆ ಏನನ್ನೋಣ: ನಿಷ್ಕ್ರಿಯ, ಅಶಕ್ತ, ಬಂದ್?

ಎಲ್ಲರಿಗೂ ನಮಸ್ಕಾರ.

ಶಿರಸಿ ಕಡೆಯ ಒಂದು ಅಡಿಕೆ ಸೊಸೈಟಿಯವರು ಬಳಸುವ ಸಾಫ್ಟ್‌ವೇರ್‌ನ ಮೆನು, ಸೂಚನೆ ಎಲ್ಲವನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮೆನುವಿನಲ್ಲಿ ಹೆಸರು ಕಾಣುತ್ತದೆ, ಆದರೆ ಬಣ್ಣ ಮಸುಕು, ಒತ್ತಿದರೆ ಏನೂ ಆಗುವುದಿಲ್ಲ. ಡಿಸೇಬಲ್ಡ್ ಅಂತಾರಲ್ಲ, ಅದು. ಇದಕ್ಕೆ ನೀವು ಏನು ಬಳಸುತ್ತೀರಿ?

ಆಂಡ್ರಾಯ್ಡ್ ಫೋನಿನಲ್ಲಿ ‘ನಿಷ್ಕ್ರಿಯ’ ಇದೆ. ಲಿನಕ್ಸ್‌ನ ಹಳೆಯ ಅನುವಾದಗಳಲ್ಲಿ ‘ಅಶಕ್ತ’ ಇತ್ತು. ಎರಡೂ ನನಗೆ ಒಗ್ಗುತ್ತಿಲ್ಲ. ಅಶಕ್ತ ಅಂದರೆ ಮೈಯಲ್ಲಿ ಬಲ ಇಲ್ಲದವರು, ವಯಸ್ಸಾದವರು, ಕಾಯಿಲೆ ಬಿದ್ದವರು. ಬಟನ್‌ಗೆ ಬಲ ಕಡಿಮೆಯಾಗಿಲ್ಲ, ಅದರ ಹೊತ್ತು ಬಂದಿಲ್ಲ ಅಷ್ಟೆ. ನಿಷ್ಕ್ರಿಯದ ತೊಂದರೆ ಬೇರೆ. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ವ್ಯವಹಾರ ನಡೆಯದ ಖಾತೆಗೆ ಬ್ಯಾಂಕಿನವರು ನಿಷ್ಕ್ರಿಯ ಖಾತೆ ಅನ್ನುತ್ತಾರೆ, ಸೊಸೈಟಿಯಲ್ಲಿ ಕೂತವರಿಗೆ ಆ ಪದ ಆ ಅರ್ಥದಲ್ಲೇ ಗಟ್ಟಿಯಾಗಿ ಗೊತ್ತು. ಈಗ ತಾನೇ ಬೆಳಿಗ್ಗೆ ಕೆಲಸ ಮಾಡಿದ ಮೆನುವಿಗೆ ಅದೇ ಪದ ಹಾಕಿದರೆ ಹೇಗೆ?

ಉದಾಹರಣೆ ಕೊಡುತ್ತೇನೆ. ರೈತರು ಚಾಲಿಯನ್ನೋ ರಾಶಿಯನ್ನೋ ಬೆಟ್ಟೆಯನ್ನೋ (ಎಲ್ಲ ಅಡಿಕೆಯ ಬಗೆಗಳೇ) ತಂದು ಹಾಕುತ್ತಾರೆ, ಆ ರಾಶಿಗೊಂದು ಲಾಟ್ ನಂಬರ್ ಬೀಳುತ್ತದೆ, ಆಮೇಲೆ ಟೆಂಡರ್. ಟೆಂಡರ್ ಶುರುವಾದ ಕೂಡಲೇ ‘ಲಾಟ್ ತಿದ್ದು’ ಅನ್ನುವುದು ಮಸುಕಾಗುತ್ತದೆ. ಅದೇ ಮೆನುವಿನಲ್ಲಿ ‘ಬಿಲ್ ರದ್ದು’ ಕೂಡ ಮಸುಕಾಗಿದೆ, ಆದರೆ ಅದು ಮ್ಯಾನೇಜರ್‌ಗೆ ಮಾತ್ರ ಇರುವಂಥದ್ದು, ಕೌಂಟರಿನವರಿಗೆ ಇವತ್ತೂ ಇಲ್ಲ ನಾಳೆಯೂ ಇಲ್ಲ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಎರಡಕ್ಕೂ ಒಂದೇ ಪದ ಹಾಕಿದರೆ ಕಾಯಬೇಕಾ, ಮ್ಯಾನೇಜರ್‌ನ್ನ ಕೇಳಬೇಕಾ, ಸುಮ್ನೆ ಬಿಡಬೇಕಾ ಅಂತ ಗೊತ್ತಾಗುವುದಾದರೂ ಹೇಗೆ?

ಹಾಗಾಗಿ ಪದಕ್ಕಿಂತ ಮೊದಲು ಇವೆರಡನ್ನೂ ಬೇರೆ ಮಾಡಬೇಕು ಅನ್ನುವುದು ನನ್ನ ವಾದ. ಹೊತ್ತು ಬಂದಾಗ, ಅಥವಾ ಇನ್ನೊಂದು ಕೆಲಸ ಮುಗಿಸಿದಾಗ ತೆರೆದುಕೊಳ್ಳುವಂಥದ್ದಾದರೆ ಅದು ತನ್ನ ಜಾಗದಲ್ಲೇ ಮಸುಕಾಗಿ ಇರಲಿ. ಯಾವತ್ತೂ ಸಿಗದ್ದನ್ನು ತೋರಿಸಲೇ ಬಾರದು. ಎಲ್ಲವನ್ನೂ ಮುಚ್ಚಿಟ್ಟರೆ ಮೆನು ಚೊಕ್ಕ ಆಗುತ್ತದಲ್ಲ ಅಂತ ಕೇಳುವವರಿದ್ದಾರೆ. ಮೈಕ್ರೋಸಾಫ್ಟ್‌ನವರು ಆಫೀಸ್ 2000ದಲ್ಲಿ ಅಪರೂಪಕ್ಕೆ ಬಳಸುವುದನ್ನೆಲ್ಲ ಒಳಗೆ ಸೇರಿಸಿ ಚಿಕ್ಕ ಮೆನು ತೋರಿಸಿದ್ದರು. ಜನ ಹುಡುಕಿ ಹುಡುಕಿ ಸುಸ್ತಾದರು, ಏಕೆಂದರೆ ಕೈಗೆ ರೂಢಿಯಾಗುವುದು ಹೆಸರಿಗಿಂತ ಜಾಗ. 2007ರ ಆವೃತ್ತಿಯಲ್ಲಿ ರಿಬ್ಬನ್ (ಮೇಲೆ ಸಾಲಾಗಿ ಕಾಣುವ ಬಟನ್‌ಗಳ ಪಟ್ಟಿ) ಬಂದು ವರ್ಡ್, ಎಕ್ಸೆಲ್‌ಗಳಲ್ಲಿ ಆ ಮೆನುವೇ ಹೋಯಿತು. ಆಪಲ್‌ನ ಮಾರ್ಗಸೂಚಿಯೂ ಮೇಲಿನ ಮೆನುವಿನಲ್ಲಿ ಮಸುಕು ಮಾಡಿ, ತೆಗೆಯಬೇಡಿ ಅನ್ನುತ್ತದೆ. ಬಲ ಕ್ಲಿಕ್‌ನ ಮೆನುವಿನಲ್ಲಿ ಮಾತ್ರ ಆಗದ್ದನ್ನು ತೋರಿಸಬೇಡಿ ಅನ್ನುತ್ತದೆ. ನನಗದು ಸರಿ ಕಾಣುತ್ತದೆ.

ಇನ್ನು ಮಸುಕು, ಬೂದು ಅಂತ ಬಣ್ಣದ ಪದ ಹಾಕೋಣ ಅಂದರೆ ಅದು ಕಣ್ಣಿಗೆ ಮಾತ್ರ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಿಂದ ಕೇಳಿ ಕೆಲಸ ಮಾಡುವವರಿಗೆ ಅದರಿಂದ ಏನು ಸಿಗುತ್ತದೆ? ಅಂಥ ರೀಡರ್‌ಗಳಲ್ಲಿ, ಇಂಗ್ಲಿಷಿನಲ್ಲೇ ಆಪಲ್‌ನ ವಾಯ್ಸ್‌ಓವರ್ ‘ಡಿಮ್ಡ್’ (ಮಸುಕಾಗಿದೆ) ಅನ್ನುತ್ತದೆ, ಎನ್‌ವಿಡಿಎ ‘ಅನ್‌ಅವೇಲಬಲ್’ (ಸಿಗುವುದಿಲ್ಲ) ಅನ್ನುತ್ತದೆ. ನನಗೆ ಎರಡನೆಯದು ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಆದರೆ ‘ಅಲಭ್ಯ’ ಅಂತ ನಮ್ಮ ಕಡೆ ಯಾರೂ ಬಾಯಲ್ಲಿ ಹೇಳುವುದಿಲ್ಲ.

ಕೌಂಟರಿನವರು ಏನು ಹೇಳುತ್ತಾರೆ ಅಂತ ಕಿವಿಗೊಟ್ಟೆ. ‘ತಿದ್ದೋದು ಬಂದ್ ಆಗಿದೆ’ ಅನ್ನುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. ಕಾರವಾರದ ಬೈತಕೋಲ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟು ಕಣ್ಣೆದುರೇ ನಿಂತಿರುತ್ತದೆ, ಕೆಟ್ಟಿಲ್ಲ, ಯಾಕೆ ನಿಂತಿದೆ, ಯಾವಾಗ ಹೊರಡುತ್ತದೆ ಎಲ್ಲರಿಗೂ ಗೊತ್ತು. ಮತ್ತೆ ತೆರೆಯುತ್ತದೆ ಅನ್ನುವುದು ಬಂದ್ ಅನ್ನುವುದರಲ್ಲೇ ಇದೆ. ನಿಷ್ಕ್ರಿಯದಲ್ಲಿ ಅದಿಲ್ಲ.

ತೊಡಕೂ ಇದೆ. ‘ಫೈಲ್ ಬಂದ್ ಮಾಡು’ ಅಂದರೆ ಕ್ಲೋಸ್. ‘ಕಂಪ್ಯೂಟರ್ ಬಂದ್ ಮಾಡು’ ಅಂದರೆ ಆಫ್. ಅದಕ್ಕೇ ಒಂಟಿ ಪದ ಬಿಟ್ಟು ಕಾರಣದ ಜೊತೆಗೇ ಬರೆಯೋಣ ಅಂದುಕೊಂಡಿದ್ದೇನೆ: ‘ಲಾಟ್ ತಿದ್ದುವುದು ಈಗ ಬಂದ್. ಟೆಂಡರ್ ನಡೆಯುತ್ತಿದೆ.’ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ಹೈಡ್ ಅನ್ನುವುದಕ್ಕೆ ‘ಅಡಗಿಸು’ ಬೇಡ, ಯಾರಿಂದಲೋ ಬಚ್ಚಿಟ್ಟ ಹಾಗಾಗುತ್ತದೆ. ‘ಇವರಿಗೆ ತೋರಿಸಬೇಡ’ ಸಾಕು ಅಲ್ವಾ?

ಮೈಸೂರು, ಬೆಂಗಳೂರು ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಬಂದ್ ಅಂದಕೂಡಲೇ ನಿಮಗೆ ಮುಷ್ಕರದ ಬಂದ್ ನೆನಪಾಗುತ್ತದಾ, ಅಥವಾ ಮೇಲಿನ ವಾಕ್ಯ ಓದಿದರೆ ಸರಿಯಾಗಿ ತಿಳಿಯುತ್ತದಾ? ಕುಮಟಾ, ಅಂಕೋಲಾ, ಭಟ್ಕಳದವರು ಇದಕ್ಕಿಂತ ಹಗುರವಾದ ಮಾತು ಬಳಸುತ್ತಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.