ನೋಡುವ ಚಿತ್ರವನ್ನು ಕೇಳಿಸುವುದು ಹೇಗೆ? (ಹೊಸ ಕನ್ನಡ ಪಾಡ್‌ಕಾಸ್ಟ್)

ನೀಲಿಪರದೆ:
ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಂಗಿ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಶುರು ಮಾಡುತ್ತಿದ್ದೇವೆ. ಕಾಮಿಕ್ಸ್, ಸೈನ್ಸ್ ಫಿಕ್ಷನ್, ಚಿತ್ರೋತ್ಸವಕ್ಕೆ ಬರುವ ಸಿನಿಮಾ, ಇಷ್ಟೇ ವಿಷಯ. ಮೊದಲ ಕಂತಿಗೆ ಕ್ರಿಸ್ ಮಾರ್ಕರ್ ಅವರ 1962ರ ‘ಲಾ ಜೆಟೆ’ ಆರಿಸಿಕೊಂಡಿದ್ದೇವೆ. 28 ನಿಮಿಷದ ಫ್ರೆಂಚ್ ಚಿತ್ರ. ಯುದ್ಧದಲ್ಲಿ ಪ್ಯಾರಿಸ್ ನಾಶವಾಗಿದೆ, ಉಳಿದವರು ನೆಲದಡಿ ಬದುಕುತ್ತಿದ್ದಾರೆ, ಅಲ್ಲಿಂದ ಒಬ್ಬ ಕೈದಿಯನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಹೆಚ್ಚುಕಡಿಮೆ ಇಡೀ ಸಿನಿಮಾ ಕಪ್ಪು ಬಿಳುಪಿನ ಸ್ಟಿಲ್ ಫೋಟೊಗಳಲ್ಲೇ ನಡೆಯುತ್ತದೆ, ಜೊತೆಗೆ ಒಬ್ಬ ನಿರೂಪಕನ ದನಿ. ನೋಡಿದರೆ ಕಾಮಿಕ್ಸ್ ಪುಟ ತಿರುವಿದ ಹಾಗೆ, ಕಣ್ಣು ಮುಚ್ಚಿದರೆ ರೇಡಿಯೋ ನಾಟಕ. ನಮಗೆ ಇದಕ್ಕಿಂತ ಒಳ್ಳೆಯ ಶುರು ಸಿಗಲಿಲ್ಲ.

ಆದರೆ ಸ್ಕ್ರಿಪ್ಟ್ ಬರೆಯಲು ಕೂತರೆ ಬರೀ ಕಥೆ ಬರುತ್ತಿದೆ. ಚಿತ್ರ ನೋಡದವರಿಗೆ ಆ ಫೋಟೊ ತಲುಪುವ ಹಾಗೆ ಹೇಳುವುದು ಹೇಗೆ? ಇನ್ನೊಂದು, ಸಿನಿಮಾದ ಸೌಂಡ್ ತುಣುಕು ಹಾಕಬಹುದಾ?

ಹಳೇಮೈಕು:
ನೋಡಿ ತಾಯಿ, ನಾನು ರೇಡಿಯೋ ನಾಟಕ ಮಾಡಿಸಿಯೇ ನಿವೃತ್ತನಾದವನು. ನಿಮ್ಮ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

1945ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಪೇಪರ್ ಹಂಚುವವರು ಮುಷ್ಕರ ಹೂಡಿದ್ದರು. ಮಕ್ಕಳಿಗೆ ಭಾನುವಾರದ ಕಾಮಿಕ್ಸ್ ಪುಟ ಸಿಗಲಿಲ್ಲ. ಮೇಯರ್ ಲಾಗಾರ್ಡಿಯಾ ಡಬ್ಲ್ಯುಎನ್‌ವೈಸಿ ರೇಡಿಯೋದಲ್ಲಿ ಕೂತು ‘ಡಿಕ್ ಟ್ರೇಸಿ’ ಅನ್ನುವ ಪತ್ತೇದಾರಿ ಕಾಮಿಕ್ಸ್ ಓದಿದರು. ಅದರ ಫಿಲ್ಮ್ ಇವತ್ತಿಗೂ ಸಿಗುತ್ತದೆ, ದಯವಿಟ್ಟು ನೋಡಿ. ಮೈಕಿಗೆ ಕಾಣಿಸುವುದಿಲ್ಲ ಅಂತ ಗೊತ್ತಿದ್ದೂ ಕೈ ಬೀಸುತ್ತಾರೆ. ಆ ಕೈ ಬೀಸಿದ್ದು ದನಿಯಲ್ಲಿ ಗೊತ್ತಾಗುತ್ತದೆ.

ಸೂಪರ್‌ಮ್ಯಾನ್ ರೇಡಿಯೋ ಧಾರಾವಾಹಿ 1940ರ ಫೆಬ್ರವರಿಯಲ್ಲಿ ಶುರುವಾಯಿತು. ಮಾಮೂಲಿ ಮನುಷ್ಯನ ಹಾಗಿರುವ ಕ್ಲಾರ್ಕ್ ಕೆಂಟ್ ವೇಷ ಬದಲಿಸಿ ಸೂಪರ್‌ಮ್ಯಾನ್ ಆಗುವುದನ್ನು ಕೇಳುಗರಿಗೆ ಹೇಗೆ ತೋರಿಸುವುದು? ನಟ ಬಡ್ ಕಾಲಿಯರ್ ಒಂದೇ ವಾಕ್ಯದ ನಡುವೆ ದನಿ ಇಳಿಸಿಬಿಡುತ್ತಿದ್ದರು. ತೆಳು ದನಿಯಲ್ಲಿ ಶುರು, ಗಡಸು ದನಿಯಲ್ಲಿ ಮುಕ್ತಾಯ. ಅಷ್ಟೇ, ವೇಷ ಬದಲಾಯಿತು. ಸೂಪರ್‌ಮ್ಯಾನ್‌ನ ಶಕ್ತಿ ಕುಂದಿಸುವ ಕಲ್ಲು, ಕ್ರಿಪ್ಟೊನೈಟ್ ಕೂಡ ಮೊದಲು ಬಂದಿದ್ದು ಈ ರೇಡಿಯೋದಲ್ಲೇ, 1943ರಲ್ಲಿ. ಕಾಮಿಕ್ಸ್ ಪುಟಕ್ಕೆ ಹೋಗಿದ್ದು 1949ರಲ್ಲಿ. ರೇಡಿಯೋದವರು ಕಾಮಿಕ್ಸ್‌ನಿಂದ ತೆಗೆದುಕೊಂಡರು, ಕಾಮಿಕ್ಸ್‌ಗೆ ಕೊಟ್ಟರು ಕೂಡ.

ಈಗ ನಿಮ್ಮ ಸಿನಿಮಾಕ್ಕೆ ಬರೋಣ. ಅದರಲ್ಲಿ ನಿಜವಾಗಿ ಅಲುಗಾಡುವ ಜಾಗ ಒಂದೇ ಇದೆ. ಹೆಂಗಸು ಮಲಗಿದ್ದಾಳೆ. ಫೋಟೊಗಳು ಒಂದರೊಳಗೊಂದು ಕರಗುತ್ತವೆ. ಹಕ್ಕಿಗಳ ಸದ್ದು ಏರುತ್ತಾ ಹೋಗುತ್ತದೆ. ಆಮೇಲೆ ಅವಳು ಕಣ್ಣು ತೆರೆದು ರೆಪ್ಪೆ ಬಡಿಯುತ್ತಾಳೆ, ಕೆಲವೇ ಕ್ಷಣ. ನಿಮ್ಮ ಕಂತು ನಿಂತಿರುವುದು ಇದರ ಮೇಲೆ. ಕಥೆಗೆ ಒಂದು ನಿಮಿಷ ಸಾಕು, ಇದಕ್ಕೆ ಮೂರು ಕೊಡಿ. “ಅವಳ ತಲೆ ದಿಂಬಿನ ಮೇಲೆ. ಮುಖ ನಮ್ಮ ಕಡೆ. ಮುಂದಿನ ಫೋಟೊ. ಕೆನ್ನೆ ಸ್ವಲ್ಪ ಹೊರಳಿದೆ.” ಹೀಗೆ ಒಂದೊಂದೇ ಫೋಟೊ ಹೇಳುತ್ತಾ ಬನ್ನಿ, ನಡುವೆ ಉಸಿರಾಡುವಷ್ಟು ಬಿಡಿ. ಕಣ್ಣು ತೆರೆಯುವ ಹೊತ್ತಿಗೆ ಮಾತು ನಿಲ್ಲಿಸಿ. ಬರೀ ಹಕ್ಕಿಗಳಿರಲಿ.

ಕೇಳುಗ_ಹಾಸನ:
ಹಳೇಮೈಕು ಸರ್ ಹೇಳಿದ್ದರಲ್ಲಿ ಕೊನೆಯದನ್ನು ನಾನು ಒಪ್ಪುವುದಿಲ್ಲ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಲ್ಲಿ ಮಾತು ನಿಲ್ಲಿಸಿದರೆ ಅವಳು ಕಣ್ಣು ತೆರೆದಳು ಅಂತ ನನಗೆ ಗೊತ್ತಾಗುವುದೇ ಇಲ್ಲ. ಹಕ್ಕಿ ಕೂಗಿತು ಅಂತಷ್ಟೇ ಗೊತ್ತಾಗುತ್ತದೆ. ಆ ಒಂದು ಮಾತು ಹೇಳಲೇಬೇಕು. ಹೇಳಿ, ಆಮೇಲೆ ಸುಮ್ಮನಿರಿ.

ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಫ್ಯಾಂಟಮ್ ನನಗೆ ನಮ್ಮಣ್ಣ ಓದಿ ಹೇಳುತ್ತಿದ್ದ. ಫ್ಯಾಂಟಮ್ ಅಂದರೆ ಕಾಡಿನ ಮುಖವಾಡದ ವೀರ, ಗುದ್ದಿದರೆ ಅವನ ಉಂಗುರದ ತಲೆಬುರುಡೆ ಗುರುತು ಬೀಳುತ್ತದೆ. ಬಲೂನಿನಲ್ಲಿರುವ ಮಾತು ಓದುವ ಮುಂಚೆ ಚೌಕದ ಅಳತೆ ಹೇಳುತ್ತಿದ್ದ. “ಇದು ಪುಟದಗಲ ಇದೆ, ಬರೀ ಕಾಡು. ಇದು ಸಣ್ಣದು, ಮುಷ್ಟಿ ಮಾತ್ರ, ಬೆರಳಲ್ಲಿ ಉಂಗುರ. ಇದರಲ್ಲಿ ಕಳ್ಳ ಬಿದ್ದಿದ್ದಾನೆ, ದವಡೆ ಮೇಲೆ ತಲೆಬುರುಡೆ ಗುರುತು.” ಅಳತೆ ಕೇಳಿದರೆ ಎಲ್ಲಿ ನಿಧಾನ, ಎಲ್ಲಿ ಜೋರು ಅಂತ ನನಗೆ ತಿಳಿಯುತ್ತಿತ್ತು. ಗುದ್ದು ಬಿದ್ದಿದ್ದು ಎರಡು ಚೌಕಗಳ ನಡುವೆ ಅಂತಲೂ ತಿಳಿಯುತ್ತಿತ್ತು. ಈಗಿನ ಸಿನಿಮಾ ಪಾಡ್‌ಕಾಸ್ಟ್‌ಗಳಲ್ಲಿ “ವಿಶುವಲ್ಸ್ ಸೂಪರ್” ಅನ್ನೋದೇ ಜಾಸ್ತಿ. ಅದರಿಂದ ನನಗೆ ಏನೂ ಸಿಗುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಅದನ್ನು ಹೇಳಿ.

ಕತ್ತರಿಕೆಲಸ:
ತುಣುಕಿನ ಬಗ್ಗೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿಮರ್ಶೆಗಾಗಿ ನ್ಯಾಯವಾಗಿ ಬಳಸಲು ಅವಕಾಶ ಇದೆ. ಇಷ್ಟೇ ಸೆಕೆಂಡು ಅಂತ ಅದರಲ್ಲಿ ಬರೆದಿಲ್ಲ. “30 ಸೆಕೆಂಡ್ ತನಕ ಓಕೆ” ಅನ್ನುವುದನ್ನು ನಂಬಬೇಡಿ. ನೀವು ಮಾತಾಡುತ್ತಿರುವ ಜಾಗವನ್ನಷ್ಟೇ ಚಿಕ್ಕದಾಗಿ ಹಾಕಿ, ಹಾಕಿದ್ದರ ಬಗ್ಗೆ ತಕ್ಷಣ ಮಾತಾಡಿ. ಹಾಗಿದ್ದರೂ ಪಾಡ್‌ಕಾಸ್ಟ್ ಆ್ಯಪ್‌ನವರು ಕಂತನ್ನು ತೆಗೆಯುವ ಸಾಧ್ಯತೆ ಇದೆ. ಹಕ್ಕಿ ಸದ್ದು ನೀವೇ ರೆಕಾರ್ಡ್ ಮಾಡಿಕೊಳ್ಳುವುದು ವಾಸಿ.

ಕಾಮಿಕ್ಸ್ ಕಂತಿಗೆ ಒಂದು ಸಲಹೆ: ಅಮರ ಚಿತ್ರ ಕಥೆ. ಅದನ್ನು ರೂಪಿಸಿದ ಅನಂತ ಪೈ ಕಾರ್ಕಳದವರು. ಇಂಗ್ಲಿಷಿನ ‘ಕೃಷ್ಣ’ ಸಂಚಿಕೆಯ ನಂಬರ್ 11. ಅದಕ್ಕಿಂತ ಮುಂಚಿನ 10 ಹೊರದೇಶದ ಮಕ್ಕಳ ಕಥೆಗಳು.

ನೀಲಿಪರದೆ:
ಮೂವರಿಗೂ ತುಂಬಾ ಥ್ಯಾಂಕ್ಸ್. ತಂಗಿ ಆಗಲೇ ಫೋಟೊಗಳ ಪಟ್ಟಿ ಮಾಡುತ್ತಿದ್ದಾಳೆ. ಕಣ್ಣು ತೆರೆಯುವ ಜಾಗವನ್ನು ಎರಡೂ ಥರ ಓದಿ ಕೇಳಿಸಿಕೊಂಡೆವು. “ಕಣ್ಣು ತೆರೆದಳು” ಅಂತ ಹೇಳಿದ್ದೇ ನಮಗೂ ಸರಿ ಅನಿಸಿತು. ಕೇಳುಗ ಅವರೇ, ಭಾನುವಾರ ಕಚ್ಚಾ ರೆಕಾರ್ಡಿಂಗ್ ಕಳಿಸಿದರೆ ಕೇಳಿ ಹೇಳುತ್ತೀರಾ?

ಕೇಳುಗ_ಹಾಸನ:
ಖಂಡಿತ ಕಳಿಸಿ. ಸಿನಿಮಾದ ಕೊನೆ ಮಾತ್ರ ಈಗಲೇ ಹೇಳಬೇಡಿ, ಅದನ್ನು ಪೂರ್ತಿ ಕಂತಿನಲ್ಲೇ ಕೇಳುತ್ತೇನೆ.