ಸಹಾಯ ಬೇಕು: ಮಗಳು ಇಂಗ್ಲಿಷ್ ಸದ್ದುಗಳನ್ನು ಕೂಡಿಸಿ ಓದಲು ಒದ್ದಾಡುತ್ತಿದ್ದಾಳೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ವರ್ಷ. ಇಂಗ್ಲಿಷ್ ಅಕ್ಷರಗಳೆಲ್ಲ ಗೊತ್ತು, ಆದರೆ ಪದ ಓದು ಅಂದರೆ ನಿಂತುಬಿಡುತ್ತಾಳೆ. 'ಬ್ಯಾಟ್' ಅನ್ನೋದನ್ನು "ಬ... ಆ್ಯ... ಟ" ಅಂತ ಬಿಡಿಸುತ್ತಾಳೆ. ಕೂಡಿಸಿದರೆ "ಬಆ್ಯಟ" ಆಗುತ್ತದೆ! ಸ್, ಮ್, ಫ್ ಸದ್ದುಗಳನ್ನು ಎಳೆದು ಹೇಳಬಹುದು, ಹಾಗಾಗಿ 'ಸ್ಯಾಟ್', 'ಮ್ಯಾನ್' ಸಲೀಸು. ಬ್, ಟ್, ಕ್ ಎಳೆಯಲು ಬರಲ್ಲ ಅಲ್ವಾ, ಅಲ್ಲೇ ತೊಡಕು. ಕೊನೆಗೆ 'ಅ' ಅಂಟಿಸದೆ ಇವನ್ನು ಹೇಳಿಸುವುದು ಹೇಗೆ?

ಇನ್ನು ಸ್ಪೆಲ್ಲಿಂಗ್. ಇರುವುದು 26 ಅಕ್ಷರ, ಸದ್ದು ಸುಮಾರು 44. 'ಕ್ಯಾಪ್' ಕೊನೆಗೆ ಇ ಬಂದರೆ 'ಕೇಪ್', ಎಸ್ ಮತ್ತು ಎಚ್ ಸೇರಿದರೆ 'ಶ್'. ಇಷ್ಟನ್ನು ನಿಯಮ ಅಂತ ಹೇಳಿಕೊಡಬಹುದು. ಆದರೆ 'ದೋ', 'ಥ್ರೂ', ಕೆಮ್ಮಿನ 'ಕಾಫ್', ಮೂರರ ಕೊನೆಗೂ ಅದೇ ಒ-ಯು-ಜಿ-ಎಚ್! ಉಚ್ಚಾರಣೆ ಬದಲಾಗುತ್ತಾ ಹೋಯಿತು, ಸ್ಪೆಲ್ಲಿಂಗ್ ಹಳೆಯದೇ ಉಳಿಯಿತು ಅಂತ ಆರು ವರ್ಷದವಳಿಗೆ ಹೇಳಿ ಏನು ಪ್ರಯೋಜನ?

'ಸೆಡ್', 'ವಾಸ್' ಥರದ ಪದಗಳು ಕಥೆ ಪುಸ್ತಕದ ಪುಟ ಪುಟದಲ್ಲೂ ಬರುತ್ತವೆ. ಅವನ್ನು ಸುಮ್ನೆ ನೋಡಿ ನೆನಪಿಟ್ಟುಕೋ ಅನ್ನಲೇ, ಇಲ್ಲ ಸದ್ದಿಗೆ ಹೊಂದುವಷ್ಟನ್ನು ಬಿಡಿಸಿ, ಹೊಂದದ ಭಾಗವನ್ನಷ್ಟೇ ಬೇರೆಯಾಗಿ ತೋರಿಸಲೇ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಚಿತ್ರ ನೋಡಿ ಊಹಿಸು ಅನ್ನುವ ಪದ್ಧತಿ ಮಾತ್ರ ಬೇಡ. 'ಪೋನಿ' ಅಂತ ಬರೆದಿದ್ದರೂ ಕುದುರೆ ಚಿತ್ರ ನೋಡಿ "ಹಾರ್ಸ್" ಅಂದುಬಿಡುತ್ತಾಳೆ.

ಚಿಕ್ಕ ಮಕ್ಕಳಿಗೆ ಓದು ಕಲಿಸಿದವರು ಯಾವ ಸದ್ದಿನಿಂದ ಶುರು ಮಾಡಿದಿರಿ, ಜೋಡಿ ಅಕ್ಷರಗಳನ್ನು ಯಾವಾಗ ತಂದಿರಿ, ದಯವಿಟ್ಟು ಹೇಳಿ. ಆ್ಯಪ್ ಹೆಸರುಗಳು ಬೇಡ, ಮೊಬೈಲ್ ಈಗಾಗಲೇ ಜಾಸ್ತಿ ಆಗಿದೆ.