ಮಡಿಲೋ, ಸೀಟೋ: ಪುಟ್ಟ ಮಕ್ಕಳೊಂದಿಗೆ ವಿಮಾನ ಪ್ರಯಾಣ

ಗುಂಪಿನ ಪ್ರಶ್ನೋತ್ತರ. ಉತ್ತರಿಸುತ್ತಿರುವವರು ಚಿಕ್ಕಬಳ್ಳಾಪುರದಲ್ಲಿ ನೆಲೆಸಿರುವ, ವಿಮಾನದ ಕ್ಯಾಬಿನ್ ಸಿಬ್ಬಂದಿಗೆ ಸುರಕ್ಷತಾ ತರಬೇತಿ ನೀಡುವ ನಮ್ಮ ಸದಸ್ಯೆ.

ಪ್ರಶ್ನೆ (ಕೋಲಾರದಿಂದ, ಇಬ್ಬರು ಮಕ್ಕಳ ತಾಯಿ): ಮೇಡಂ, ನಮಸ್ಕಾರ. ನಮ್ಮ ಯಜಮಾನರು ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾರೆ. ಮುಂದಿನ ತಿಂಗಳು ನಾನು ಮತ್ತು ನಮ್ಮ ಅತ್ತೆಯವರು ಮೂರೂವರೆ ವರ್ಷದ ಮಗಳನ್ನೂ ಇಪ್ಪತ್ತು ತಿಂಗಳ ಮಗನನ್ನೂ ಕರೆದುಕೊಂಡು ಅಲ್ಲಿಗೆ ಹೊರಡುವವರಿದ್ದೇವೆ. ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. ಮಗಳು 15 ಕೆ.ಜಿ., ಮಗ ಹತ್ತೂವರೆ ಕೆ.ಜಿ. ತೂಗುತ್ತಾರೆ. ಮಗನಿಗೆಂದು ಬೆಂಗಳೂರಿನಲ್ಲಿ ಕೊಂಡ ಕಾರ್ ಸೀಟ್ ಮನೆಯಲ್ಲಿದೆ. ಅದನ್ನು ಒಯ್ಯೋಣವೆಂದು ನಾನು, ಅಷ್ಟು ದೊಡ್ಡ ಕುರ್ಚಿಯನ್ನು ಹೊರುವವರು ಯಾರು, ಮಗು ಮಡಿಲಲ್ಲಿರುತ್ತದೆ ಬಿಡು ಎಂದು ಅತ್ತೆಯವರು. ಮಗನಿಗೆ ಪ್ರತ್ಯೇಕ ಟಿಕೆಟ್ ಕೊಳ್ಳಬೇಕೇ? ನಾವು ಹಿಂದಿರುಗುವುದು ಆರು ತಿಂಗಳ ನಂತರ.

ಉತ್ತರ: ನಿಮ್ಮ ಒಂದು ಪ್ರಯಾಣದಲ್ಲಿ ಮೂರು ಪ್ರಯಾಣಗಳಿವೆ: ಕೋಲಾರದಿಂದ ದೇವನಹಳ್ಳಿಯವರೆಗಿನ ರಸ್ತೆ, ಆಮೇಲೆ ಆಕಾಶ, ಕೊನೆಗೆ ಕ್ಯಾಲಿಫೋರ್ನಿಯಾದ ರಸ್ತೆ. ಎಲ್ಲರೂ ನನ್ನನ್ನು ಕೇಳುವುದು ನಡುವಿನದನ್ನು ಕುರಿತು. ಮಗುವಿಗೆ ಹೆಚ್ಚಿನ ಅಪಾಯವಿರುವುದು ಎರಡು ತುದಿಗಳಲ್ಲಿಯಾದ್ದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲು ನಿಮ್ಮ ಸೀಟಿನ ಹಿಂಭಾಗವನ್ನೋ ತಳಭಾಗವನ್ನೋ ತಿರುಗಿಸಿ ಲೇಬಲ್ ಓದಿರಿ. ನಮ್ಮಲ್ಲಿ ಮಾರಾಟವಾಗುವ ಒಳ್ಳೆಯ ಸೀಟುಗಳ ಮೇಲೆ ಸಾಮಾನ್ಯವಾಗಿ ವೃತ್ತದೊಳಗೆ ‘ಇ’ ಅಕ್ಷರವಿರುವ ಕಿತ್ತಳೆ ಬಣ್ಣದ ಚೀಟಿ ಇರುತ್ತದೆ. ಅದು ವಿಶ್ವಸಂಸ್ಥೆಯ ಆರ್ 44 ಅಥವಾ ಆರ್ 129 ನಿಯಮದ ಗುರುತು. ಅಮೆರಿಕದ ಕಾರುಗಳಲ್ಲಿ ಬಳಸುವ ಸೀಟು ಆ ದೇಶದ್ದೇ ಆದ 213ನೇ ಸುರಕ್ಷತಾ ಮಾನದಂಡಕ್ಕೆ ಒಳಪಟ್ಟಿರಬೇಕು. ಆದ್ದರಿಂದ ಇಲ್ಲಿ ಕೊಂಡ ಸೀಟು ಎಷ್ಟೇ ಗಟ್ಟಿಯಾಗಿದ್ದರೂ ಅಲ್ಲಿನ ಕಾರಿನಲ್ಲಿ ಕಾನೂನುಬದ್ಧವಾಗುವುದಿಲ್ಲ. ವಿಚಿತ್ರವೆಂದರೆ, ಅಮೆರಿಕದ ವಿಮಾನಯಾನ ನಿಯಮವು ವಿಶ್ವಸಂಸ್ಥೆಯ ಗುರುತಿರುವ ಸೀಟನ್ನು ವಿಮಾನದೊಳಗೆ ಒಪ್ಪುತ್ತದೆ. ಅಂದರೆ ಅದೇ ಸೀಟು ಆಕಾಶದಲ್ಲಿ ಸಲ್ಲುತ್ತದೆ, ಕೆಳಗಿಳಿದು ಕಾರು ಹತ್ತಿದೊಡನೆ ಸಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷದೊಳಗಿನ ಮಗು, ತೂಕ 40 ಪೌಂಡ್ ಅಥವಾ ಎತ್ತರ 40 ಅಂಗುಲ ತಲುಪದ ಹೊರತು, ಕಾರಿನ ಹಿಂಬದಿಗೆ ಮುಖ ಮಾಡಿದ ಸೀಟಿನಲ್ಲಿಯೇ ಕೂರಬೇಕು. ಎಂಟು ವರ್ಷದೊಳಗಿನವರಿಗೂ ಹಿಂದಿನ ಸಾಲಿನಲ್ಲಿ ಮಕ್ಕಳ ಸೀಟು ಅಥವಾ ಬೂಸ್ಟರ್ (ಬೆಲ್ಟು ಸರಿಯಾಗಿ ಕೂರಲೆಂದು ಮಗುವನ್ನು ಎತ್ತರಿಸುವ ಆಸನ) ಕಡ್ಡಾಯ. ಹಾಗಾಗಿ ಮಗಳಿಗೂ ಒಂದು ಬೇಕು.

ನನ್ನ ಸಲಹೆ ಇಷ್ಟು. ಮನೆಯಲ್ಲಿರುವ ಸೀಟನ್ನು ಕೋಲಾರದಿಂದ ಹೊರಡುವ ಕಾರಿನಲ್ಲಿ ಕಟ್ಟಿರಿ, ಟರ್ಮಿನಲ್ ಮುಂದೆ ಬಿಚ್ಚದೆ ಅದೇ ಕಾರಿನಲ್ಲಿ ಮನೆಗೆ ಕಳುಹಿಸಿರಿ, ಹಿಂದಿರುಗುವ ದಿನ ಅದೇ ಸೀಟಿರುವ ಕಾರು ನಿಮ್ಮನ್ನು ಕರೆದೊಯ್ಯಲು ಬರಲಿ. ನಿಮ್ಮ ಯಜಮಾನರು ಅಲ್ಲಿ ಎರಡು ಸೀಟು ಕೊಂಡು, ಕಾರಿಗೆ ಅಳವಡಿಸಿಕೊಂಡೇ ನಿಲ್ದಾಣಕ್ಕೆ ಬರಲಿ. ಸೀಟು ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಿಕೊಡುವ ತರಬೇತಿ ಪಡೆದ ತಂತ್ರಜ್ಞರು ಆ ದೇಶದ ಬಹುತೇಕ ಊರುಗಳಲ್ಲಿದ್ದಾರೆ, ಅವರ ನೆರವು ಪಡೆಯಲಿ.

ಇನ್ನು ಟಿಕೆಟ್ ವಿಷಯ. ಎರಡು ವರ್ಷ ತುಂಬದ ಮಗು ಮಡಿಲಲ್ಲಿ ಕೂರಬಹುದು. ಹಿಂದಿರುಗುವಾಗ ನಿಮ್ಮ ಮಗನಿಗೆ ಎರಡು ವರ್ಷ ದಾಟಿರುವುದರಿಂದ ಆಗ ಅವನಿಗೆ ಸ್ವಂತ ಸೀಟು ಕಡ್ಡಾಯವಾಗುತ್ತದೆ. ಎರಡೂ ಕಡೆಯ ಟಿಕೆಟನ್ನು ಒಟ್ಟಿಗೆ ಮಾಡಿಸುವಾಗ ಇದು ಅನೇಕರಿಗೆ ಹೊಳೆಯುವುದಿಲ್ಲ. ಹೋಗುವಾಗಲೂ ಸೀಟು ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿರಿ ಎಂದೇ ಹೇಳುತ್ತೇನೆ. ಹಾಗೆ ಕೊಂಡಾಗ ಕಾರ್ ಸೀಟಿನ ಬದಲು ‘ಕೇರ್ಸ್’ ಎಂಬ ಪಟ್ಟಿಯನ್ನು ಪರಿಗಣಿಸಬಹುದು. ವಿಮಾನದ ಆಸನದ ಬೆನ್ನಿಗೆ ಸುತ್ತಿ, ಮಗುವಿನ ಎರಡು ಹೆಗಲ ಮೇಲಿಂದ ಹಾಯಿಸಿ, ಆಸನದ ಬೆಲ್ಟಿಗೆ ಸೇರಿಸುವ ಈ ಪಟ್ಟಿಯು 10ರಿಂದ 20 ಕೆ.ಜಿ. ತೂಕದ, ಸುಮಾರು ಒಂದು ಮೀಟರ್ ಎತ್ತರದವರೆಗಿನ ಮಕ್ಕಳಿಗೆಂದು ಮಾನ್ಯತೆ ಪಡೆದಿದೆ, ಕೈಚೀಲದಲ್ಲಿ ಹಿಡಿಸುತ್ತದೆ. ಕಾರಿನಲ್ಲಿ ಮಾತ್ರ ಅದನ್ನು ಬಳಸುವಂತಿಲ್ಲ. ನಿಮ್ಮ ಮಗ ಕೆಳಗಿನ ಮಿತಿಯನ್ನು ಈಗಷ್ಟೇ ದಾಟಿದ್ದಾನೆ. ಮಗಳಿಗೂ, ಎತ್ತರ ಮೀರದಿದ್ದರೆ, ಆಗುತ್ತದೆ. ಎರಡು ವಿಮಾನಗಳೂ ಒಂದೇ ಸಂಸ್ಥೆಯವಲ್ಲದಿದ್ದರೆ ಈ ಪಟ್ಟಿಯನ್ನು ಬಳಸಲು ಎರಡೂ ಸಂಸ್ಥೆಗಳಿಂದ ಇಮೇಲ್ ಮೂಲಕ ಒಪ್ಪಿಗೆ ತರಿಸಿಕೊಂಡು ಅದರ ಪ್ರತಿಯನ್ನು ಜೊತೆಯಲ್ಲಿಡಿ. ಇಬ್ಬರು ಮಕ್ಕಳು, ವಯಸ್ಸಾದ ಅತ್ತೆಯವರು, ನಡುವೆ ವಿಮಾನ ಬದಲಾವಣೆ ಇವೆಲ್ಲದರ ಮೇಲೆ ಆ ಕುರ್ಚಿಯನ್ನೂ ಹೊರುವುದು ಬೇಡವೆಂಬ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ.

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ, ನಿವೃತ್ತ ಮೇಷ್ಟರೊಬ್ಬರು): ಅಮ್ಮಾ, ತಪ್ಪು ತಿಳಿಯಬೇಡಿ. ನಾವು ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡೇ ದೊಡ್ಡವರನ್ನಾಗಿ ಮಾಡಿದವರು. ವಿಮಾನದಲ್ಲಿ ಮಡಿಲು ಅಷ್ಟೊಂದು ಅಪಾಯಕರವಾಗಿದ್ದರೆ ಸರ್ಕಾರಗಳೇ ಅದನ್ನು ನಿಷೇಧಿಸುತ್ತಿರಲಿಲ್ಲವೇ? ಇದು ಟಿಕೆಟ್ ಮಾರುವವರ ಉಪಾಯವೆಂದು ನನಗೆ ಅನುಮಾನ.

ಉತ್ತರ: ಸರ್, ನಿಮ್ಮ ಅನುಮಾನ ಸಕಾರಣವಾದದ್ದು, ಮತ್ತು ಇದೇ ಪ್ರಶ್ನೆಯನ್ನು ಅಮೆರಿಕ ಮೂರು ದಶಕಗಳಿಂದ ಚರ್ಚಿಸುತ್ತಿದೆ. 1989ರ ಜುಲೈ 19ರಂದು ಡೆನ್ವರ್‌ನಿಂದ ಷಿಕಾಗೋಗೆ ಹೊರಟಿದ್ದ ಯುನೈಟೆಡ್ ಸಂಸ್ಥೆಯ 232ನೇ ವಿಮಾನದ ಬಾಲದ ಎಂಜಿನ್ ಒಡೆದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಯೆಲ್ಲ ಕೈಕೊಟ್ಟಿತು. ಪೈಲಟ್‌ಗಳು ಅದನ್ನು ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಇಳಿಸಲು ಹೆಣಗಿದರು. ವಿಮಾನದಲ್ಲಿದ್ದ 296 ಮಂದಿಯಲ್ಲಿ 184 ಮಂದಿ ಬದುಕಿದರು. ಮಡಿಲಲ್ಲಿ ನಾಲ್ಕು ಮಕ್ಕಳಿದ್ದರು. ಆಗಿನ ತರಬೇತಿಯ ಪ್ರಕಾರ ಮುಖ್ಯ ಗಗನಸಖಿ ಜಾನ್ ಬ್ರೌನ್ ಅವರು ಆ ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳುವಂತೆ ತಾಯಂದಿರಿಗೆ ಹೇಳಿದ್ದರು. ನೆಲಕ್ಕೆ ಬಡಿದ ಹೊಡೆತಕ್ಕೆ ಯಾವ ಕೈಯೂ ತಡೆಯುವಂತಿರಲಿಲ್ಲ. ಒಂದು ಮಗು ತೀರಿಕೊಂಡಿತು. ಅಂದಿನಿಂದ ಜಾನ್ ಬ್ರೌನ್ ಅವರು ಮಕ್ಕಳಿಗೂ ಸೀಟು ಕಡ್ಡಾಯವಾಗಬೇಕೆಂದು ವರ್ಷಗಟ್ಟಲೆ ಒತ್ತಾಯಿಸಿದರು. ಅಪಘಾತಗಳ ತನಿಖೆ ನಡೆಸುವ ಅಲ್ಲಿನ ರಾಷ್ಟ್ರೀಯ ಮಂಡಳಿಯೂ ಅದನ್ನೇ ಶಿಫಾರಸು ಮಾಡಿತು.

ಆದರೆ ವಿಮಾನಯಾನವನ್ನು ನಿಯಂತ್ರಿಸುವ ಆಡಳಿತವು 2005ರಲ್ಲಿ ಅದನ್ನು ಕಡ್ಡಾಯಗೊಳಿಸುವುದಿಲ್ಲವೆಂದು ತಿಳಿಸಿತು. ಅದು ಕೊಟ್ಟ ಕಾರಣವನ್ನು ಗಮನಿಸಬೇಕು: ಕೂಸಿಗೂ ಪೂರ್ತಿ ಟಿಕೆಟ್ ಕೊಳ್ಳಿ ಎಂದರೆ ಅನೇಕ ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಡುತ್ತವೆ, ವಿಮಾನದಲ್ಲಿ ಉಳಿಯುವ ಜೀವಗಳಿಗಿಂತ ಹೆಚ್ಚು ಜೀವಗಳು ರಸ್ತೆಯಲ್ಲಿ ಹೋಗುತ್ತವೆ. ನಿಷೇಧಿಸದಿರುವುದಕ್ಕೆ ಮಡಿಲು ಭದ್ರವೆಂಬುದು ಕಾರಣವಾಗಿರಲಿಲ್ಲ. ಮಗುವಿಗೆ ಅತ್ಯಂತ ಸುರಕ್ಷಿತ ಜಾಗ ಮಾನ್ಯತೆ ಪಡೆದ ಸೀಟೇ ಹೊರತು ಮಡಿಲಲ್ಲವೆಂದು ಅದೇ ಆಡಳಿತ ಇಂದಿಗೂ ಪೋಷಕರಿಗೆ ಹೇಳುತ್ತದೆ.

ಅಪಘಾತದ ಮಾತು ಹಾಗಿರಲಿ, ಅಷ್ಟು ಅಪರೂಪವಲ್ಲದ್ದು ಟರ್ಬ್ಯುಲೆನ್ಸ್, ಅಂದರೆ ಗಾಳಿಯ ಏರುಪೇರಿನಿಂದ ವಿಮಾನ ಕುಲುಕುವುದು. ಹತ್ತು ಕೆ.ಜಿ.ಯ ಮಗು ಗುರುತ್ವದ ನಾಲ್ಕು ಪಟ್ಟು ಬಲಕ್ಕೆ ಸಿಕ್ಕಿದ ಕ್ಷಣದಲ್ಲಿ ನಿಮ್ಮ ಕೈಗೆ ನಲವತ್ತು ಕೆ.ಜಿ.ಯಾಗಿರುತ್ತದೆ, ಆಗ ಅಪ್ಪುಗೆ ಬಿಚ್ಚಿಕೊಳ್ಳುವುದು ಪ್ರೀತಿ ಕಡಿಮೆಯಾದ್ದರಿಂದಲ್ಲ. ನಮ್ಮ ದೇಶದ ವಿಮಾನಗಳಲ್ಲಿ ದೊಡ್ಡವರ ಬೆಲ್ಟಿಗೆ ಪೋಣಿಸುವ ಚಿಕ್ಕ ಬೆಲ್ಟನ್ನು ಮಗುವಿಗೆ ಕೊಡುತ್ತಾರೆ. ಯುರೋಪಿನಲ್ಲಿಯೂ ಅದೇ ಪದ್ಧತಿ. ಕುಲುಕಾಟದಲ್ಲಿ ಮಗು ಹಾರಿಹೋಗದಂತೆ ಅದು ತಡೆಯುತ್ತದೆ. ಆದರೆ ದೊಡ್ಡ ಹೊಡೆತದಲ್ಲಿ ಹಿರಿಯರ ಮೈ ಮುಂದಕ್ಕೆ ಮಡಚಿ ಮಗುವಿನ ಮೇಲೆಯೇ ಬೀಳುತ್ತದೆ, ಬೆಲ್ಟಿನ ಬಿಗಿತ ಹೊಟ್ಟೆಯ ಮೇಲೆ ಬರುತ್ತದೆ. ಹೀಗಾಗಿ ಅಮೆರಿಕದ ನಿಯಮ ಅದನ್ನು ಒಪ್ಪುವುದಿಲ್ಲ. ಕೊಟ್ಟ ಕಡೆ ಅದನ್ನು ಖಂಡಿತ ಕಟ್ಟಿರಿ, ಆದರೆ ಅಮ್ಮನಿಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟನ್ನು ಎಂದಿಗೂ ಬಿಗಿಯಬೇಡಿ.

ಸ್ಕೂಟರಿನ ಮಾತಿಗೆ ಒಂದು ಸಣ್ಣ ಸೇರ್ಪಡೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸುರಕ್ಷತಾ ಪಟ್ಟಿ, ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮ 2022ರಲ್ಲಿ ಪ್ರಕಟವಾಗಿದೆ. ನಿಮ್ಮ ಸ್ಕೂಟರಿನ ಕಾಲದಲ್ಲಿ ಇಂದಿನ 44ನೇ ರಾಷ್ಟ್ರೀಯ ಹೆದ್ದಾರಿಯ ವೇಗವೂ ಇರಲಿಲ್ಲ ಸರ್.

ಪ್ರಶ್ನೆ (ತುಮಕೂರಿನಿಂದ, ಒಂದೂವರೆ ವರ್ಷದ ಮಗುವಿನ ತಂದೆ): ನಾವು ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಹರಿದ್ವಾರ, ಋಷಿಕೇಶ ಸುತ್ತಿ ಬರುವವರು. ದೇಶದೊಳಗಿನ ಪ್ರಯಾಣಕ್ಕೂ ಕಾರ್ ಸೀಟ್ ಬೇಕೇ?

ಉತ್ತರ: ವಿಮಾನಕ್ಕೆಂದಲ್ಲ, ಟ್ಯಾಕ್ಸಿಗೆಂದು ಒಯ್ಯಿರಿ. ಎರಡೂ ಮುಕ್ಕಾಲು ಗಂಟೆಯ ಹಾರಾಟಕ್ಕಿಂತ ಬೆಟ್ಟದ ರಸ್ತೆಯ ಆ ದಿನಗಳು ನನಗೆ ಹೆಚ್ಚು ಚಿಂತೆ ತರುತ್ತವೆ. ಇಲ್ಲಿನ ಸೀಟು ಅಲ್ಲಿಯೂ ಸಲ್ಲುವುದರಿಂದ ಕೋಲಾರದ ಸೋದರಿಗೆ ಇರುವ ತೊಡಕು ನಿಮಗಿಲ್ಲ. ಅಲ್ಲದೆ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. 2019ರ ಸೆಪ್ಟೆಂಬರ್‌ನಿಂದ ಇದು ಜಾರಿಯಲ್ಲಿದ್ದರೂ ಯಾರೂ ಕೇಳುವುದಿಲ್ಲವೆಂಬ ಧೈರ್ಯ ನಮ್ಮೆಲ್ಲರಿಗಿದೆ. ಕೂಸಿನ ಕಾರ್ ಸೀಟನ್ನು ಬಹುತೇಕ ಸಂಸ್ಥೆಗಳು ಶುಲ್ಕವಿಲ್ಲದೆ ಲಗೇಜಿಗೆ ಹಾಕಿಕೊಳ್ಳುತ್ತವೆ, ಆದರೂ ಟಿಕೆಟ್ ಮಾಡಿಸುವಾಗಲೇ ಖಚಿತಪಡಿಸಿಕೊಳ್ಳಿ. ದಪ್ಪ ಚೀಲದಲ್ಲಿ ಕಟ್ಟಿ ಕೊಡಿ. ದೆಹಲಿಯಲ್ಲಿ ಕೈಗೆ ಬಂದ ಕೂಡಲೇ ಪ್ಲಾಸ್ಟಿಕ್ ಚಿಪ್ಪು ಸೀಳಿದೆಯೇ, ಬಕಲ್ ‘ಕ್ಲಿಕ್’ ಎಂದು ಕೂರುತ್ತದೆಯೇ ಎಂದು ಅಲ್ಲಿಯೇ ನೋಡಿರಿ. ಸೀಳು ಕಂಡರೆ ಆ ಸೀಟನ್ನು ಬಳಸಬಾರದು.

ಮರುಪ್ರಶ್ನೆ (ಕೋಲಾರದ ತಾಯಿ): ಧನ್ಯವಾದಗಳು ಮೇಡಂ. ಅತ್ತೆಯವರಿಗೂ ಓದಿ ಹೇಳಿದೆ, ಒಪ್ಪಿದ್ದಾರೆ. ಎರಡು ತೊಂದರೆ ಉಳಿದಿವೆ. ಮಗ ಸೀಟಿನಲ್ಲಿ ಕೂರಿಸಿದೊಡನೆ ರಂಪ ಮಾಡುತ್ತಾನೆ. ಮತ್ತೆ, ನಮ್ಮನ್ನು ಬೀಳ್ಕೊಡಲು ಬರುವವರೆಲ್ಲ ಒಂದೇ ಕಾರಿನಲ್ಲಿ ಬರುವುದೆಂದು ಮಾತಾಗಿದೆ.

ಉತ್ತರ: ರಂಪಕ್ಕೆ ಮದ್ದು ಅಭ್ಯಾಸ. ಇವತ್ತಿನಿಂದಲೇ ಸೀಟನ್ನು ಹಜಾರದಲ್ಲಿಟ್ಟು ಅವನು ತಾನಾಗಿ ಹತ್ತಿ ಇಳಿಯಲಿ, ಅದರಲ್ಲೇ ಕೂತು ತಿಂಡಿ ತಿನ್ನಲಿ. ಆಮೇಲೆ ಕಾರಿಗೆ ಕಟ್ಟಿ ಊರೊಳಗೆ ಸಣ್ಣ ಸುತ್ತು ಹಾಕಿಸಿರಿ. ಅತ್ತಾಗ ಒಮ್ಮೆ ಎತ್ತಿಕೊಂಡರೆ ಅತ್ತರೆ ಎತ್ತಿಕೊಳ್ಳುತ್ತಾರೆಂದು ಅವನು ಕಲಿಯುತ್ತಾನೆ, ಆದ್ದರಿಂದ ಸಂತೈಸಬೇಕಿದ್ದರೆ ಕಾರು ನಿಲ್ಲಿಸಿಯೇ ಸಂತೈಸಿರಿ. ನಿದ್ದೆ ಬರಲೆಂದು ಕೆಮ್ಮಿನ ಔಷಧ ಕುಡಿಸುವ ಸಲಹೆ ಯಾರಾದರೂ ಕೊಟ್ಟರೆ ಬೇಡವೆನ್ನಿ.

ಬೀಳ್ಕೊಡುವವರ ವಿಷಯದಲ್ಲಿ ನಾನು ಕಟ್ಟುನಿಟ್ಟು. ಐದು ಜನರ ಕಾರಿನಲ್ಲಿ ಎಂಟು ಜನ ಕೂತರೆ ಮೊದಲು ಜಾಗ ಬಿಟ್ಟುಕೊಡುವುದು ಮಗುವಿನ ಸೀಟೇ, ಆಮೇಲೆ ಮಗು ಡ್ರೈವರ್ ಪಕ್ಕದವರ ಮಡಿಲಿಗೆ ಹೋಗುತ್ತದೆ. ಮುಂದಿನ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದಕ್ಕಿಂತ ಕೆಟ್ಟ ಜಾಗ ಕಾರಿನಲ್ಲಿ ಇನ್ನೊಂದಿಲ್ಲ. ಬರುವವರಿಗೆ ಬೇರೆ ಕಾರು ಮಾಡಿರಿ, ಇಲ್ಲವೇ ಮನೆಯ ಬಾಗಿಲಲ್ಲೇ ಬೀಳ್ಕೊಡಲಿ. ಟ್ಯಾಕ್ಸಿಯಾದರೆ ಹಿಂದಿನ ದಿನ ಸಂಜೆಯೇ ಚಾಲಕರಿಗೆ ಫೋನ್ ಮಾಡಿ ಹಿಂದಿನ ಸಾಲಿನ ಬೆಲ್ಟುಗಳ ಬಕಲ್ ಹೊರಗೆ ತೆಗೆದಿಡಲು ಹೇಳಿರಿ. ಹೊಸ ಸೀಟ್ ಕವರ್ ಹಾಕಿಸಿದ ಗಾಡಿಗಳಲ್ಲಿ ಅವು ಕವರಿನ ಅಡಿ ಹುದುಗಿರುತ್ತವೆ, ಮಧ್ಯರಾತ್ರಿ ಲಗೇಜು ತುಂಬುವ ಹೊತ್ತಿನಲ್ಲಿ ಅದನ್ನು ಬಿಚ್ಚಲು ಯಾರಿಗೂ ವ್ಯವಧಾನವಿರುವುದಿಲ್ಲ.